ಕಾನೂನು ಗ್ರಂಥಾಲಯದಲ್ಲಿ ಅಂತರ್ಜಾಲ: ನಮ್ಮ ಮೇಜಿನ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟು ಕೂರುವುದು ಹನ್ನೊಂದಕ್ಕೆ. ಹತ್ತೂವರೆಯಿಂದ ಆಚೆಗೆ ವಕೀಲರ ಸಂಘದ ಗ್ರಂಥಾಲಯದಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಕಿರಿಯ ವಕೀಲರಿಗೆ, ಕಾನೂನು ವಿದ್ಯಾರ್ಥಿಗಳಿಗೆ ಮತ್ತು ಬೇರೆ ಊರುಗಳಲ್ಲಿ ಇದೇ ಕುರ್ಚಿಯಲ್ಲಿ ಕುಳಿತಿರುವ ಗ್ರಂಥಪಾಲಕರಿಗೆ ಉಪಯೋಗವಾದೀತು.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಗ್ರಂಥಾಲಯ ಯಾಕೆ ಬೇಕು?

ಒಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಕಿರಿಯ ವಕೀಲರೊಬ್ಬರು ಏದುಸಿರು ಬಿಡುತ್ತ ಬಂದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವೊಂದನ್ನು ಪ್ರಿಂಟ್ ಮಾಡಿಕೊಡಬೇಕಿತ್ತು. ತೀರ್ಪಿನ ಒಂದು ಪ್ಯಾರಾ, ಅದಕ್ಕೆ ಬಳಿದ ಹಳದಿ ಬಣ್ಣ, ಕೆಳಗೆ ಸೈಟೇಶನ್, ಅಂದರೆ ಆ ತೀರ್ಪು ಯಾವ ವರದಿಯ ಯಾವ ಪುಟದಲ್ಲಿದೆ ಎಂಬ ಗುರುತು. ಅವರ ಕಕ್ಷಿದಾರರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಎರಡು ನಿಮಿಷ ಕೂರಿಸಿ ಮೂಲ ತೀರ್ಪು ತೆರೆದೆ. ಹಿಂದಿನ ಪ್ಯಾರಾ ಶುರುವಾಗಿದ್ದೇ ‘ಮೇಲ್ಮನವಿದಾರರ ಪರ ವಕೀಲರ ವಾದವೇನೆಂದರೆ’ ಎಂದು. ಹಳದಿ ಬಳಿದಿದ್ದು ನ್ಯಾಯಾಲಯದ ಮಾತಲ್ಲ, ವಕೀಲರ ವಾದ. ನಾಲ್ಕು ಪುಟ ದಾಟಿದರೆ ಆ ವಾದವನ್ನು ನ್ಯಾಯಾಲಯ ತಳ್ಳಿಹಾಕಿತ್ತು.

ಚಿತ್ರ ಕಳಿಸಿದವರು ಮೋಸ ಮಾಡಬೇಕೆಂದು ಕಳಿಸಿರಲಿಲ್ಲ. ಅವರಿಗೂ ಯಾರೋ ಕಳಿಸಿದ್ದರು. ತೀರ್ಪು ಹುಡುಕುವ ಕೆಲಸ ಈಗ ಯಾರ ಕೈಯಲ್ಲಾದರೂ ಆಗುತ್ತದೆ. ಸಿಕ್ಕಿದ್ದು ಅದೇ ಹೌದೋ, ಪೂರ್ತಿಯೋ, ಇನ್ನೂ ಊರ್ಜಿತದಲ್ಲಿದೆಯೋ ಎಂದು ಖಾತರಿ ಮಾಡಿಕೊಳ್ಳುವ ಕೆಲಸ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಅದರ ಬಗ್ಗೆಯೇ ಇವೆ.

ದುಡ್ಡು ಕೊಡದೆ ತೀರ್ಪುಗಳು ಎಲ್ಲಿ ಸಿಗುತ್ತವೆ?

ಸುಪ್ರೀಂ ಕೋರ್ಟಿನ ತೀರ್ಪು ಬೇಕಿದ್ದರೆ ಮೊದಲು ಇ-ಎಸ್‌ಸಿಆರ್ ನೋಡಿ. 1950ರಿಂದ ಅಧಿಕೃತವಾಗಿ ಪ್ರಕಟವಾಗುತ್ತಿರುವ ಸುಪ್ರೀಂ ಕೋರ್ಟ್ ರಿಪೋರ್ಟ್ಸ್‌ನ ಡಿಜಿಟಲ್ ರೂಪ ಅದು; 2023ರ ಜನವರಿಯಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಹೆಡ್‌ನೋಟ್ (ತೀರ್ಪಿನ ತಲೆಗೆ ಹಾಕುವ ಸಾರಾಂಶ) ಸಹಿತ ಸಿಗುತ್ತದೆ, ಪುಟಸಂಖ್ಯೆ ಅಚ್ಚಿನ ಪುಸ್ತಕದ್ದೇ ಇರುತ್ತದೆ. ನ್ಯಾಯಾಧೀಶರ ಮುಂದೆ ಇಡಲು ಇದಕ್ಕಿಂತ ನಿಶ್ಚಿಂತೆಯ ಪ್ರತಿ ಇನ್ನೊಂದಿಲ್ಲ. ಹೈಕೋರ್ಟಿನ ತೀರ್ಪುಗಳಿಗೆ ಕರ್ನಾಟಕ ಹೈಕೋರ್ಟಿನ ಜಾಲತಾಣ ಮತ್ತು ಇ-ಕೋರ್ಟ್ಸ್‌ನ ತೀರ್ಪುಗಳ ಹುಡುಕು ಪುಟ ಇವೆ.

2008ರಿಂದ ನಡೆಯುತ್ತಿರುವ ಇಂಡಿಯನ್ ಕಾನೂನ್ ಎಂಬ ಖಾಸಗಿ ಜಾಲತಾಣ ಇಂದಿಗೂ ಹುಡುಕಾಟಕ್ಕೆ ಎಲ್ಲಕ್ಕಿಂತ ಚುರುಕು. ನನ್ನ ಕ್ರಮ ಇಷ್ಟೇ: ಹುಡುಕುವುದು ಅಲ್ಲಿ, ಪ್ರಿಂಟ್ ತೆಗೆಯುವುದು ಅಧಿಕೃತ ತಾಣದಿಂದ.

ಒಂದು ಪದ ಹಾಕಿದರೆ ಸಾವಿರಾರು ತೀರ್ಪುಗಳು ಬರುತ್ತವೆ. ಏನು ಮಾಡಬೇಕು?

ಉದ್ಧರಣ ಚಿಹ್ನೆ ಬಳಸಿ. ಕಾನೂನಿನ ಮಾತುಗಳು ಇಡಿಯಾಗಿ ಬಳಕೆಯಾಗುತ್ತವೆ, ಇಡಿಯಾಗಿಯೇ ಹುಡುಕಬೇಕು. ಇಂಡಿಯನ್ ಕಾನೂನ್‌ನಲ್ಲಿ ಇನ್ನೊಂದು ಗುಟ್ಟಿದೆ. ಎರಡು ಪದಗಳೂ ಇರಲೇಬೇಕು ಎನ್ನಲು ಇಂಗ್ಲಿಷಿನ ‘ಆ್ಯಂಡ್’ ಪದವನ್ನು ಕೊನೆಯಲ್ಲಿ ಎರಡು ಡಿ ಹಾಕಿ, ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. ಹಾಗೆಯೇ ‘ಆರ್’ ಪದಕ್ಕೆ ಎರಡು ಆರ್, ‘ನಾಟ್’ ಪದಕ್ಕೆ ಎರಡು ಟಿ. ಕಾಗುಣಿತ ತಪ್ಪಿದಂತೆ ಕಾಣುವ ಈ ಮೂರು ಪದಗಳನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದೇನೆ. ಯಾರೋ ಪುಣ್ಯಾತ್ಮರು ಅದನ್ನು ಪೆನ್ನಿನಿಂದ ‘ತಿದ್ದಿ’ದ್ದರು.

ಕಕ್ಷಿದಾರರ ಹೆಸರಿನಿಂದ ಹುಡುಕುವಾಗ ನಮ್ಮ ರಾಜ್ಯದ್ದೇ ಒಂದು ತಾಪತ್ರಯ ಇದೆ. ಗೌಡ ಎಂಬ ಎರಡಕ್ಷರಕ್ಕೆ ಇಂಗ್ಲಿಷಿನಲ್ಲಿ ಮೂರು ಬರವಣಿಗೆಗಳಿವೆ. ಮೈಸೂರಿನ ಕಡೆ ಒಂದು, ಧಾರವಾಡದ ಕಡೆ ಇನ್ನೊಂದು. ಚನ್ನಬಸಪ್ಪ, ಚೆನ್ನಬಸಪ್ಪ, ಚನ್ನ ಮತ್ತು ಬಸಪ್ಪ ಬಿಡಿಬಿಡಿಯಾಗಿ, ಹೀಗೆ ಕಡತಕ್ಕೊಂದು ರೂಪ. ಹೆಸರಿನಿಂದ ಸಿಗದಿದ್ದರೆ ತೀರ್ಪೇ ಇಲ್ಲ ಎಂದುಕೊಳ್ಳಬೇಡಿ. ಪ್ರಕರಣದ ಸಂಖ್ಯೆ, ದಿನಾಂಕ, ಊರಿನ ಹೆಸರು, ಸರ್ವೆ ನಂಬರ್ ಹಾಕಿ ನೋಡಿ. ಸರ್ವೆ ನಂಬರಿನಿಂದ ಸಿಕ್ಕಿದ ತೀರ್ಪುಗಳು ನನ್ನ ಲೆಕ್ಕದಲ್ಲಿ ಕಡಿಮೆಯೇನಿಲ್ಲ.

ನ್ಯೂಟ್ರಲ್ ಸೈಟೇಶನ್ ಅಂದರೆ ಏನು? ಹಳೆಯ ಸೈಟೇಶನ್ ಸಾಕಲ್ಲವೇ?

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯನ್ನೇ ತೆಗೆದುಕೊಳ್ಳಿ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಒಂದೇ. ಅದು ಸುಪ್ರೀಂ ಕೋರ್ಟ್ ಕೇಸಸ್ ಎಂಬ ಖಾಸಗಿ ವರದಿಯಲ್ಲಿ, ಅಂದರೆ ಎಸ್‌ಸಿಸಿಯಲ್ಲಿ, (1973) 4 ಎಸ್‌ಸಿಸಿ 225, ಆಲ್ ಇಂಡಿಯಾ ರಿಪೋರ್ಟರ್ ಎಂಬ ಇನ್ನೊಂದರಲ್ಲಿ, ಅಂದರೆ ಎಐಆರ್‌ನಲ್ಲಿ, 1973 ಎಸ್‌ಸಿ 1461, ಅಧಿಕೃತ ವರದಿಯಲ್ಲಿ 1973ರ ಪೂರಕ ಸಂಪುಟದ ಪುಟ 1. ಒಬ್ಬನೇ ಮನುಷ್ಯನಿಗೆ ಅಜ್ಜಿಯ ಮನೆಯಲ್ಲೊಂದು, ಶಾಲೆಯಲ್ಲೊಂದು ಹೆಸರಿದ್ದ ಹಾಗೆ. ನಿಮ್ಮ ಕಪಾಟಿನಲ್ಲಿ ಎಐಆರ್ ಇದ್ದು, ಎದುರಿನ ವಕೀಲರು ಎಸ್‌ಸಿಸಿ ಪುಟ ಹೇಳಿದರೆ ಮೊದಲು ತಾಳೆಪಟ್ಟಿ ಹುಡುಕಬೇಕು.

ನ್ಯೂಟ್ರಲ್ ಸೈಟೇಶನ್ ಎಂದರೆ ನ್ಯಾಯಾಲಯವೇ ತನ್ನ ತೀರ್ಪಿಗೆ ಕೊಡುವ ಸಂಖ್ಯೆ. ಯಾವ ಪ್ರಕಾಶಕರ ಹಂಗೂ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು 2023ರಲ್ಲಿ ಜಾರಿಗೆ ತಂದಿತು: ವರ್ಷ, ಐಎನ್‌ಎಸ್‌ಸಿ, ಕ್ರಮಸಂಖ್ಯೆ. ನಮ್ಮ ಹೈಕೋರ್ಟಿನದು ವರ್ಷ, ಕೆಎಚ್‌ಸಿ, ಸಂಖ್ಯೆ. ಧಾರವಾಡ ಪೀಠದ್ದಾದರೆ ಕೆಎಚ್‌ಸಿ ಜೊತೆಗೆ ಡಿ, ಕಲಬುರಗಿಯದ್ದಾದರೆ ಕೆ. ವಿಭಾಗೀಯ, ಅಂದರೆ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪಾದರೆ ಕೊನೆಯಲ್ಲಿ ಡಿಬಿ. ಸಂಖ್ಯೆ ನೋಡಿದ ಕೂಡಲೇ ಯಾವ ಪೀಠ, ಏಕಸದಸ್ಯವೋ ಅಲ್ಲವೋ ಎಂಬುದು ತಿಳಿಯುತ್ತದೆ. ಕೋರ್ಟಿಗೆ ಕೊಡುವ ಮೆಮೊದಲ್ಲಿ ಹಳೆಯ ಸೈಟೇಶನ್, ನ್ಯೂಟ್ರಲ್ ಸೈಟೇಶನ್ ಎರಡನ್ನೂ ಬರೆಯುವ ರೂಢಿ ಮಾಡಿಕೊಳ್ಳಿ.

ಅಂದ ಹಾಗೆ, ಕೇಶವಾನಂದ ಭಾರತಿ ತೀರ್ಪಿಗೆ 50 ವರ್ಷ ತುಂಬಿದಾಗ ಸುಪ್ರೀಂ ಕೋರ್ಟ್ ಅದಕ್ಕೆಂದೇ ಒಂದು ಜಾಲಪುಟ ತೆರೆದು, ತೀರ್ಪಿನ ಜೊತೆಗೆ ಮೊಕದ್ದಮೆಯ ಕಾಗದಪತ್ರಗಳನ್ನೂ ಹಾಕಿತು. ಬಿಡುವಿದ್ದಾಗ ನೋಡಿ. ಕಾನೂನು ಗ್ರಂಥಾಲಯ ಅಂತರ್ಜಾಲದಲ್ಲಿ ಹೇಗಿರಬಹುದು ಎಂಬುದಕ್ಕೆ ಒಳ್ಳೆಯ ಮಾದರಿ.

ಹೊಸ ಸಂಹಿತೆಗಳು ಬಂದ ಮೇಲೆ ಹುಡುಕಿದ್ದೆಲ್ಲ ಕಲಸುಮೇಲೋಗರವಾಗುತ್ತಿದೆ. ಯಾಕೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ (ಐಪಿಸಿ), ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಹೊಸವು ಬಂದಿವೆ, ಕಲಮಿನ ಸಂಖ್ಯೆಗಳೂ ಬದಲಾಗಿವೆ. 482 ಎಂದು ಹುಡುಕಿ ನೋಡಿ, ಗೊತ್ತಾಗುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಪ್ರಕರಣ ರದ್ದು ಕೋರಲು ಎಲ್ಲರೂ ಹೋಗುತ್ತಿದ್ದ ದಾರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482 ಎಂದರೆ ನಿರೀಕ್ಷಣಾ ಜಾಮೀನು. ಹಿಂದೆ ಅದು 438 ಆಗಿತ್ತು. ರದ್ದುಕೋರಿಕೆಯ ಅಧಿಕಾರ ಈಗ 528ಕ್ಕೆ ಹೋಗಿದೆ. ಕಂಪ್ಯೂಟರಿಗೆ 482 ಬರೀ ಮೂರಂಕಿ. ಕಾಯ್ದೆಯ ಹೆಸರಿಲ್ಲದೆ ಕಲಮಿನ ಸಂಖ್ಯೆಯನ್ನು ಮಾತ್ರ ಹುಡುಕುವುದನ್ನು ಇಂದೇ ಬಿಡಿ.

ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಜೀವನಾಂಶದ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144. ಐಪಿಸಿಯ 420 ಈಗ ಭಾರತೀಯ ನ್ಯಾಯ ಸಂಹಿತೆಯ 318(4). ತಾಳೆಪಟ್ಟಿಯನ್ನು ಗೋಡೆಗೆ ಹಾಕಿದ್ದೇವೆ, ಕ್ಯೂಆರ್ ಕೋಡ್ ಕೂಡ ಇದೆ. ಆದರೆ ಸಂಖ್ಯೆ ತಾಳೆಯಾದ ಮಾತ್ರಕ್ಕೆ ಒಳಗಿನ ಪದಗಳೂ ತಾಳೆಯಾಗುತ್ತವೆ ಎಂದಲ್ಲ. ಹಳೆಯ ಕಲಮಿನ ಮೇಲಿನ ತೀರ್ಪನ್ನು ಹೊಸ ಕಲಮಿಗೆ ಅನ್ವಯಿಸುವ ಮೊದಲು ಎರಡೂ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಕಾಯ್ದೆಯ ಪಠ್ಯಕ್ಕೆ ಪುಸ್ತಕ ನಂಬಬೇಕೋ, ಜಾಲತಾಣವನ್ನೋ?

ಎರಡರಲ್ಲೂ ಅಡಿಟಿಪ್ಪಣಿ ಓದುವವರನ್ನು ನಂಬಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ಅಸಿಂಧುಗೊಳಿಸಿತು. ಆದರೂ ವರ್ಷಗಟ್ಟಲೆ ಅದೇ ಕಲಂ ಹಾಕಿ ಪೊಲೀಸರು ಪ್ರಕರಣ ದಾಖಲಿಸುತ್ತಲೇ ಇದ್ದರು. 2021ರಲ್ಲಿ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಬಂದಾಗ ಅಟಾರ್ನಿ ಜನರಲ್ ಅವರು ಗಮನಕ್ಕೆ ತಂದ ಸಂಗತಿ ಗ್ರಂಥಪಾಲಕರಿಗೆ ನಾಟುವಂಥದ್ದು: ಪುಸ್ತಕದಲ್ಲಿ ಕಲಂ ಪೂರ್ತಿ ಅಚ್ಚಾಗಿರುತ್ತದೆ, ಅಸಿಂಧುವಾದದ್ದು ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಇನ್ನು ಮುಂದೆ ಯಾರನ್ನೂ ಆ ಕಲಮಿನಡಿ ವಿಚಾರಣೆಗೆ ಒಳಪಡಿಸಬಾರದು ಎಂದು ನ್ಯಾಯಾಲಯ 2022ರಲ್ಲಿ ಮತ್ತೆ ಹೇಳಬೇಕಾಯಿತು.

ಕೇಂದ್ರದ ಕಾಯ್ದೆಗಳಿಗೆ ಇಂಡಿಯಾ ಕೋಡ್, ರಾಜ್ಯದವಕ್ಕೆ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣ ನೋಡಿ. ಕನ್ನಡದ ಪಠ್ಯಗಳೂ ಅಲ್ಲಿವೆ. ತೀರಾ ಇತ್ತೀಚಿನ ತಿದ್ದುಪಡಿಯಾದರೆ ನೇರವಾಗಿ ರಾಜ್ಯಪತ್ರಕ್ಕೇ ಹೋಗಿ. ಕೇಂದ್ರ ಸರ್ಕಾರ 2015ರ ಅಕ್ಟೋಬರ್ 1ರಿಂದ ರಾಜ್ಯಪತ್ರವನ್ನು ಅಚ್ಚು ಮಾಡುವುದನ್ನೇ ನಿಲ್ಲಿಸಿ ಅಂತರ್ಜಾಲದಲ್ಲಿ ಮಾತ್ರ ಪ್ರಕಟಿಸುತ್ತಿದೆ. ಹಿಂದೆ ನಾವು ತಿದ್ದುಪಡಿ ಚೀಟಿಗಳನ್ನು ಕತ್ತರಿಸಿ, ಗೋಂದು ಹಚ್ಚಿ ಬೇರ್ ಆಕ್ಟ್‌ಗಳಿಗೆ (ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕಗಳಿಗೆ) ಅಂಟಿಸುತ್ತಿದ್ದೆವು. ಆ ಪುಸ್ತಕಗಳು ಸಂಕ್ರಾಂತಿಯ ಹೊತ್ತಿಗೆ ಇಮ್ಮಡಿ ದಪ್ಪವಾಗುತ್ತಿದ್ದವು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕೇಳಿದರೆ ಸೈಟೇಶನ್ ಸಮೇತ ಉತ್ತರ ಕೊಡುತ್ತದೆ. ಬಳಸಬಹುದೇ?

ಪ್ರಶ್ನೆಯನ್ನು ವಿಂಗಡಿಸಿಕೊಳ್ಳಲು, ಹುಡುಕುವ ಪದಗಳನ್ನು ಹೊಳೆಯಿಸಿಕೊಳ್ಳಲು, 100 ಪುಟದ ತೀರ್ಪಿನಲ್ಲಿ ಎಲ್ಲಿಂದ ಓದಲು ಶುರು ಮಾಡಬೇಕೆಂದು ತಿಳಿಯಲು ಬಳಸಿ. ಅದು ಕೊಟ್ಟ ಸೈಟೇಶನ್ ಹಿಡಿದು ಕೋರ್ಟ್ ಹಾಲಿಗೆ ಮಾತ್ರ ಹೋಗಬೇಡಿ.

ಈ ಯಂತ್ರಗಳು ತೀರ್ಪನ್ನು ಕಪಾಟಿನಿಂದ ತೆಗೆದುಕೊಡುವುದಿಲ್ಲ. ತೀರ್ಪಿನ ಹಾಗೆ ಕಾಣುವ ವಾಕ್ಯಗಳನ್ನು ಹೆಣೆಯುತ್ತವೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ವಿಮಾನಯಾನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಹೀಗೆ ಹುಟ್ಟಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಅವರು ಅನುಮಾನಪಟ್ಟು ವಿಚಾರಿಸಿರಲಿಲ್ಲ ಎಂದಲ್ಲ. ವಿಚಾರಿಸಿದ್ದು ಅದೇ ಚಾಟ್‌ಬಾಟನ್ನು. ‘ಈ ತೀರ್ಪು ನಿಜವೇ’ ಎಂದರೆ ಅದು ‘ನಿಜ’ ಎಂದಿತು. ಕಳ್ಳನ ಪರವಾಗಿ ಕಳ್ಳನೇ ಸಾಕ್ಷಿ ಹೇಳಿದಂತಾಯಿತು. ದೂರದ ಮಾತು ಎನ್ನಬೇಡಿ. 2024ರ ಕೊನೆಯಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಇಂಥದ್ದೇ ಉಲ್ಲೇಖಗಳಿದ್ದ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್, ಅಧೀನ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸಿಕೊಂಡಿದ್ದನ್ನು ಗಂಭೀರವಾಗಿ ತೆಗೆದುಕೊಂಡಿತು. ಕೇರಳ ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ಇದರ ಬಗ್ಗೆ ನೀತಿಯನ್ನೇ ಹೊರಡಿಸಿತು.

ಪರೀಕ್ಷಿಸುವ ವಿಧಾನ ಹಳೆಯದೇ. ಹೇಳಿದ ಸಂಪುಟ, ಹೇಳಿದ ಪುಟ ತೆರೆಯಿರಿ. ಸುಳ್ಳು ಸೈಟೇಶನ್ ಆಗಿದ್ದರೆ ಆ ಪುಟದಲ್ಲಿ ಬೇರೆ ಯಾವುದೋ ತೀರ್ಪಿನ ನಡುಭಾಗ ಇರುತ್ತದೆ. ಕೆಲವನ್ನು ಪುಸ್ತಕ ತೆರೆಯದೆಯೇ ಹಿಡಿಯಬಹುದು: ಎಸ್‌ಸಿಸಿ ಶುರುವಾಗಿದ್ದೇ 1969ರಲ್ಲಿ. 1962ರ ಎಸ್‌ಸಿಸಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಅನುಮಾನ ಶುರುವಾಗಬೇಕು. ಪುಟ ಸರಿಯಾಗಿದ್ದರೆ ಅದು ಹೇಳಿದ ವಾಕ್ಯ ನಿಜವಾಗಿಯೂ ಒಳಗಿದೆಯೇ ನೋಡಿ. ತೀರ್ಪು ಅಸಲಿ, ವಾಕ್ಯ ನಕಲಿ ಎಂಬ ಸಂದರ್ಭಗಳೇ ಹೆಚ್ಚು ಅಪಾಯಕಾರಿ.

ಇನ್ನೊಂದು ಮಾತು. ಕಕ್ಷಿದಾರರ ಕಾಗದಪತ್ರಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಬೇಡಿ. ಅವರು ನಂಬಿ ಹೇಳಿದ ಮಾತು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನೀವು ಜವಾಬು ಕೊಡಲಾರಿರಿ.

ತೀರ್ಪುಗಳ ಕನ್ನಡ ಅನುವಾದ ಸಿಗುತ್ತದೆಯಲ್ಲ, ಅದನ್ನೇ ಹಾಜರುಪಡಿಸಬಹುದೇ?

ಕಕ್ಷಿದಾರರಿಗೆ ಓದಿ ಹೇಳಲು ಧಾರಾಳವಾಗಿ ಬಳಸಿ. ಸುಪ್ರೀಂ ಕೋರ್ಟ್ 2019ರಲ್ಲಿ ಸುವಾಸ್ ಎಂಬ ಅನುವಾದ ತಂತ್ರಾಂಶವನ್ನು ತಂದಿತು. ಈಗ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಅನುವಾದಗಳು ಇ-ಎಸ್‌ಸಿಆರ್‌ನಲ್ಲಿವೆ. ಆದರೆ ಪ್ರತಿ ಅನುವಾದದಲ್ಲೂ ಷರಾ ಇರುತ್ತದೆ: ಇದು ಕಕ್ಷಿದಾರರ ತಿಳಿವಳಿಕೆಗೆ ಮಾತ್ರ, ಇಂಗ್ಲಿಷ್ ಪಾಠವೇ ಅಧಿಕೃತ. ಜಮೀನು ಕಳೆದುಕೊಂಡ ಹಿರಿಯರೊಬ್ಬರು ಕನ್ನಡದ ಪ್ರತಿಯನ್ನು ಕನ್ನಡಕ ಒರೆಸಿಕೊಂಡು ಓದಿ, ‘ಹಾಗಾದರೆ ತಪ್ಪು ನಮ್ಮ ಅಪ್ಪ ಬರೆಸಿದ ಪತ್ರದಲ್ಲೇ ಇತ್ತು’ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಷರಾ ಇದ್ದರೂ ಅನುವಾದ ಬೇಕು ಎನ್ನುವುದು ಇದಕ್ಕಾಗಿ.

ಯಂತ್ರದ ಅನುವಾದವನ್ನು ಮನುಷ್ಯರು ತಿದ್ದದಿದ್ದರೆ ಅಭಾಸ ತಪ್ಪಿದ್ದಲ್ಲ. ಸುಪ್ರೀಂ ಕೋರ್ಟಿನ ಆದೇಶಗಳಲ್ಲಿ ಮೊದಲ ಸಾಲಿಗೇ ಬರುವ ‘ಲೀವ್ ಗ್ರಾಂಟೆಡ್’ ಎಂದರೆ ಮೇಲ್ಮನವಿಗೆ ಅನುಮತಿ. ಕಾನೂನು ಗೊತ್ತಿಲ್ಲದ ಯಂತ್ರಕ್ಕೆ ಅದು ‘ರಜೆ ಮಂಜೂರು’.

ನಮ್ಮಲ್ಲಿರುವ ಕನ್ನಡ ಕಡತಗಳಲ್ಲಿ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆ ಕಡತ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿದೆ. ಪರದೆಯ ಮೇಲೆ ‘ಕರ್ನಾಟಕ’ ಎಂದು ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗುವ, ತಲೆಯ ಮೇಲೆ ಗೆರೆ ಹೊತ್ತ ಒಂದಷ್ಟು ಅಕ್ಷರಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಆ ನಿಜರೂಪ ಹೊರಬೀಳುತ್ತದೆ. ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ.

ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರವಾಗಿಸುವುದು ಬೇರೆ ಕೆಲಸ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡ ಓದುತ್ತದೆ. ಒಳ್ಳೆಯ ಕಾಗದವಾದರೆ ಮೆಚ್ಚುವ ಹಾಗೆಯೇ ಓದುತ್ತದೆ. ಹಳೆಯ ಅಚ್ಚಿನಲ್ಲಿ ಪ ಮತ್ತು ಷ, ದ ಮತ್ತು ಧ ಅದಲುಬದಲಾಗುತ್ತವೆ. ಇವನ್ನು ಓದುವಾಗ ಹಿಡಿಯಬಹುದು. ಹಿಡಿಯಲಾಗದ್ದು ಅನುಸ್ವಾರ ಮತ್ತು ಕನ್ನಡದ ಸೊನ್ನೆ. ಸರ್ವೆ ನಂಬರಿನಲ್ಲಿ ಸೊನ್ನೆ ಅನುಸ್ವಾರವಾಗಿಬಿಟ್ಟರೆ ಆ ಜಮೀನು ಹುಡುಕಾಟದ ಪಾಲಿಗೆ ಭೂಮಿಯ ಮೇಲೆಯೇ ಇರುವುದಿಲ್ಲ. ಅಂಕಿಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡುವುದಕ್ಕೆ ಬದಲಿ ಮಾರ್ಗವಿಲ್ಲ.

ತೀರ್ಪುಗಳ ಜರ್ನಲ್‌ಗಳನ್ನು ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಕೊಡಿ ಎಂದರೆ ಯಾಕೆ ಒಪ್ಪುವುದಿಲ್ಲ?

ತೀರ್ಪಿನ ಮೂಲ ಪಠ್ಯ ಎಲ್ಲರದು. ಕೃತಿಸ್ವಾಮ್ಯ ಕಾಯ್ದೆಯ 52(1)(ಕ್ಯೂ) ಕಲಮಿನಲ್ಲೇ ಅದಕ್ಕೆ ವಿನಾಯಿತಿ ಇದೆ. ಆದರೆ ಜರ್ನಲಿನಲ್ಲಿ ಬರುವುದು ಬರೀ ಮೂಲ ಪಠ್ಯವಲ್ಲ. ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋಡಕ್ ಪ್ರಕರಣದಲ್ಲಿ, 2007ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕಚ್ಚಾ ತೀರ್ಪಿನ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ, ಸಂಪಾದಕರು ತಲೆ ಖರ್ಚು ಮಾಡಿ ಪ್ಯಾರಾ ವಿಂಗಡಿಸಿ ಹಾಕಿದ ಸಂಖ್ಯೆಯಂಥ ಕೆಲಸಕ್ಕೆ ಹಕ್ಕಿದೆ.

ಇದರಿಂದ ಒಂದು ವ್ಯಾವಹಾರಿಕ ಪಾಠವೂ ಹೊರಡುತ್ತದೆ. ಜರ್ನಲಿನ ಪ್ಯಾರಾ ಸಂಖ್ಯೆಯೂ ನ್ಯಾಯಾಲಯದ ಪ್ರತಿಯ ಪ್ಯಾರಾ ಸಂಖ್ಯೆಯೂ ಬೇರೆಯಾಗಿರಬಹುದು. ‘ಪ್ಯಾರಾ 32 ನೋಡಿ ಸ್ವಾಮಿ’ ಎನ್ನುವಾಗ ನಿಮ್ಮ ಕೈಯಲ್ಲಿರುವ ಪ್ರತಿಯೂ ನ್ಯಾಯಾಧೀಶರ ಮೇಜಿನ ಮೇಲಿರುವ ಪ್ರತಿಯೂ ಒಂದೇ ಎಂದು ಖಚಿತಪಡಿಸಿಕೊಳ್ಳಿ.

ತೀರ್ಪಿನಲ್ಲಿ, ಲೇಖನದಲ್ಲಿ ಕೊಟ್ಟ ಜಾಲಕೊಂಡಿ ತೆರೆಯುವುದಿಲ್ಲವಲ್ಲ?

ಇದು ಎಲ್ಲ ದೇಶಗಳ ಕಾನೂನು ಗ್ರಂಥಾಲಯಗಳ ತಲೆನೋವು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖವಾದ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮೊದಲಿನ ಮಾಹಿತಿಯನ್ನು ತೋರಿಸುತ್ತಿಲ್ಲ ಎಂದು ಹಾರ್ವರ್ಡ್‌ನ ಅಧ್ಯಯನವೊಂದು ಕಂಡುಕೊಂಡಿತು. 2011ರ ಒಂದು ತೀರ್ಪಿನಲ್ಲಿ ಉಲ್ಲೇಖಿಸಿದ್ದ ಜಾಲತಾಣದ ಹೆಸರಂತೂ ಅವಧಿ ಮುಗಿದು ಬೇರೆಯವರ ಪಾಲಾಯಿತು. ಅವರು ಅಲ್ಲಿ ಕೊಂಡಿಗಳ ಕ್ಷಣಿಕತೆಯನ್ನೇ ಗೇಲಿ ಮಾಡುವ ಪುಟ ಹಾಕಿದರು. ಹಾರ್ವರ್ಡ್ ಕಾನೂನು ಗ್ರಂಥಾಲಯ 2013ರಲ್ಲಿ ಪರ್ಮಾ ಎಂಬ ಸೇವೆ ಆರಂಭಿಸಿದ್ದು ಇದೇ ಕಾರಣಕ್ಕೆ: ಉಲ್ಲೇಖಿಸುವ ದಿನವೇ ಪುಟದ ನಕಲನ್ನು ಕಾಪಿಡುವುದು.

ನಮ್ಮ ಮಟ್ಟಿಗೆ ಸುಲಭದ ಉಪಾಯ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಸುತ್ತೋಲೆ, ಅಧಿಸೂಚನೆಗಳನ್ನು ಜಾಲತಾಣದಲ್ಲಿ ಕಂಡ ದಿನವೇ ಅಲ್ಲಿ ಉಳಿಸಿ, ಒಂದು ಪ್ರತಿಯನ್ನು ಗ್ರಂಥಾಲಯದ ಕಂಪ್ಯೂಟರಿಗೂ ಇಳಿಸಿ, ಕಡತದ ಹೆಸರಿನಲ್ಲೇ ದಿನಾಂಕ ಬರೆಯಿರಿ. ಕಚೇರಿಯೊಂದರ ಜಾಲತಾಣ ಹೊಸ ವಿನ್ಯಾಸಕ್ಕೆ ಬದಲಾದ ರಾತ್ರಿ ಅದರ ಹತ್ತು ವರ್ಷದ ಸುತ್ತೋಲೆಗಳು ಮಾಯವಾಗಿದ್ದನ್ನು ನೋಡಿದ ಮೇಲೆ ನಾನು ಈ ಕೆಲಸವನ್ನು ನಾಳೆಗೆ ಇಡುವುದಿಲ್ಲ.

ಜಾಲಪುಟದ ಪ್ರಿಂಟ್ ಸಾಕ್ಷ್ಯವಾಗುತ್ತದೆಯೇ?

ತೀರ್ಪಿನ ಪ್ರಿಂಟ್ ಸಾಕ್ಷ್ಯವಲ್ಲ, ಅದು ಕಾನೂನಿನ ಆಧಾರ. ಅದಕ್ಕೆ ಪ್ರಮಾಣಪತ್ರ ಬೇಡ. ಎದುರು ಪಕ್ಷದವರ ಜಾಲತಾಣ, ಫೇಸ್‌ಬುಕ್ ಪುಟದಂಥವನ್ನು ವಿಷಯ ರುಜುವಾತಿಗೆ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಇದೇ. ಹೊಸ ನಮೂನೆಯಲ್ಲಿ ಎರಡು ಭಾಗಗಳಿವೆ, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ಬರೆಯಬೇಕು. ಗ್ರಂಥಪಾಲಕರು ಅದಕ್ಕೆ ಸಹಿ ಹಾಕುವುದಿಲ್ಲ. ದಯವಿಟ್ಟು ಕೇಳಬೇಡಿ.

ಪುಸ್ತಕಪಟ್ಟಿಯನ್ನು ಕಂಪ್ಯೂಟರಿಗೆ ಹಾಕಲು ಎಷ್ಟು ಖರ್ಚು?

ತಂತ್ರಾಂಶಕ್ಕೆ ಖರ್ಚಿಲ್ಲ. ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಕೊಹಾ ಇದೆ, ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇ-ಗ್ರಂಥಾಲಯ ಇದೆ. ಖರ್ಚಾಗುವುದು ದತ್ತಾಂಶ ತುಂಬುವ ತಾಳ್ಮೆ.

ಜಾಗ ಇಕ್ಕಟ್ಟು. ಎಲ್ಲವೂ ಜಾಲದಲ್ಲಿರುವಾಗ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕೋಣವೇ?

ಎಸ್‌ಸಿಆರ್‌ನ ಎರಡನೇ ಪ್ರತಿಗಳನ್ನು ಬೇಕಾದರೆ ಕೊಟ್ಟುಬಿಡಿ. ಹಳೆಯ ಐಪಿಸಿ ಮುಟ್ಟಬೇಡಿ: 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಅದೇ ಕಾನೂನು, ಆ ವಿಚಾರಣೆಗಳು ಇನ್ನೂ ವರ್ಷಗಟ್ಟಲೆ ನಡೆಯುತ್ತವೆ.

ಅದಕ್ಕಿಂತ ಮುಖ್ಯವಾದವು ಕೆಳಗಿನ ಅರೆಯಲ್ಲಿ ಧೂಳು ಹಿಡಿದಿರುವ ತೆಳ್ಳನೆಯ ಪುಸ್ತಕಗಳು. ಈ ರಾಜ್ಯ 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಕಡೆಯ ಕಾನೂನುಗಳನ್ನು ಹೊತ್ತುಕೊಂಡೇ ಒಂದಾಯಿತು. ಬೆಳಗಾವಿಯ ಗೇಣಿದಾರನ ಹಕ್ಕಿಗೆ 1948ರ ಮುಂಬಯಿ ಗೇಣಿ ಕಾಯ್ದೆ ಬೇಕಾದೀತು. ಮೈಸೂರು ಸೀಮೆಯ ಇನಾಂ ಜಮೀನಿಗೆ 1954ರ ಇನಾಂ ರದ್ದತಿ ಕಾಯ್ದೆ, ಅದಕ್ಕೂ ಹಿಂದಕ್ಕೆ ಹೋದರೆ 1888ರ ಮೈಸೂರು ಭೂಕಂದಾಯ ಸಂಹಿತೆ. ಇವುಗಳ ಆಯಾ ಕಾಲದ ಪಠ್ಯ, ನಿಯಮಗಳು, ಅಧಿಸೂಚನೆಗಳು ಜಾಲದಲ್ಲಿ ಸಿಕ್ಕರೆ ಅದೃಷ್ಟ. ಸ್ಕ್ಯಾನ್ ಮಾಡಲು ದುಡ್ಡಿದ್ದರೆ ಮೊದಲು ಮಾಡಬೇಕಾದ್ದು ಇವನ್ನೇ. ಎಲ್ಲರ ಬಳಿ ಇರುವುದನ್ನು ಮತ್ತೆ ಸ್ಕ್ಯಾನ್ ಮಾಡಿ ಉದ್ಘಾಟನೆ ಏರ್ಪಡಿಸುವುದು ಸುಲಭ, ಉಪಯೋಗ ಕಡಿಮೆ. ಬೆನ್ನು ಬಿಟ್ಟ ಪುಸ್ತಕವನ್ನು ಗಾಜಿನ ಮೇಲೆ ಮಕಾಡೆ ಒತ್ತಬೇಡಿ. ಮೇಲಿನಿಂದ ಮೊಬೈಲ್ ಕ್ಯಾಮೆರಾದಲ್ಲೇ ತೆಗೆಯಿರಿ.

ಆದೇಶಗಳನ್ನು ಸಂಘದ ಪುಟಕ್ಕೆ ಹಾಕುವಾಗ ಏನಾದರೂ ನೋಡಿಕೊಳ್ಳಬೇಕೇ?

ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಗೆಡಹುವುದು ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳ ನಿರ್ಬಂಧವೂ ಇದೆ. ಹೆಸರು ಅಳಿಸಿದರೆ ಸಾಲದು. ಶಾಲೆ, ತಂದೆಯ ಉದ್ಯೋಗ, ಊರು ಸೇರಿದರೆ ಸಣ್ಣ ತಾಲ್ಲೂಕಿನಲ್ಲಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅನುಮಾನವಿದ್ದರೆ ಹಾಕಬೇಡಿ.

ಗ್ರಂಥಾಲಯದ ವೈ-ಫೈ ಪಾಸ್‌ವರ್ಡ್ ಏನು?

ಎಲ್ಲಕ್ಕಿಂತ ಹೆಚ್ಚು ಸಲ ಕೇಳುವ ಪ್ರಶ್ನೆ ಇದೇ. ಚೀಟಿಯಲ್ಲಿ ಬರೆದು 1973ರ ಎಸ್‌ಸಿಸಿ ನಾಲ್ಕನೇ ಸಂಪುಟದ 225ನೇ ಪುಟದಲ್ಲಿ ಇಟ್ಟಿದ್ದೇನೆ. ನೋಡಿಕೊಂಡು ಪುಸ್ತಕವನ್ನು ಅದರ ಜಾಗದಲ್ಲೇ ಇಡಿ.